ಎರಡು ಕೋಕೋ ಡಬ್ಬಿಯೊಂದಿಗೆ ಪುಣೆಗೆ

ಗುರುವಾರ ಮಧ್ಯಾಹ್ನದ ಗಾಡಿಗೆ ಧಾರವಾಡ ಬಿಟ್ಟೆ. ಕೈಚೀಲದಲ್ಲಿ ಎರಡು ಕೋಕೋ ಡಬ್ಬಿ, ಹೆಂಡತಿ ಗಂಗವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಸಣ್ಣ ಬೇಕರಿಗೆ ಮೊದಲ ದೊಡ್ಡ ಕೆಲಸ ಬಂದಿತ್ತು. ಹೆಣ್ಣುಮಕ್ಕಳ ಶಾಲೆಯ ಭಾನುವಾರದ ಸಮಾರಂಭಕ್ಕೆ ತತ್ತಿ ಹಾಕದ ಕೋಕೋ ಕೇಕು ಬೇಕಿತ್ತು. ತಿಳಿಗಂದು ಪುಡಿಯಲ್ಲಿ ಮಾಡಿದ ಮಾದರಿಯನ್ನು ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರು ಮೆಚ್ಚಿದ್ದರು. ಆ ಪುಡಿ ತಳ ಸೇರಿದ ಮೇಲೆ ಅಂಗಡಿಯಲ್ಲಿ ಸಿಕ್ಕಿದ್ದು ಕಡುಗಂದು ಪುಡಿ. ಬಣ್ಣ ನೋಡಿ ಹಿಗ್ಗಿದೆ. ಅದೇ ಅಳತೆ, ಅದೇ ಸೋಡಾ ಹಾಕಿ ಮೂರು ಸಲ ಮಾಡಿದೆ. ಮೂರು ಸಲವೂ ಕೇಕು ಹಲಗೆಯಂತೆ ಮಲಗಿತು, ಬಾಯಿಗಿಟ್ಟರೆ ಸಾಬೂನಿನ ರುಚಿ.

“ಚೂರು ಹುಳಿ ಮಜ್ಜಿಗಿ ಹಾಕಿ ನೋಡ್ರಿ” ಅಂದಿದ್ದಳು ಗಂಗವ್ವ. ಸಾಹೇಬರ ತಿನಿಸಿಗೆ ಎಮ್ಮೆಯ ತಾಜಾ ಹಾಲೇ ಬೇಕೆಂದು ನಂಬಿದ್ದ ನಾನು, “ಇದು ಕೇಕು, ಅಂಬಲಿ ಅಲ್ಲ” ಎಂದು ನಕ್ಕುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಪುಣೆಯಲ್ಲಿಳಿದಾಗ ಚಳಿಗೆ ಕಿವಿ ಮರಗಟ್ಟಿದ್ದವು. “ಕುಠೇ ಜಾಯಚ?” ಎಂದು ಮರಾಠಿಯಲ್ಲಿ ಎಲ್ಲಿಗೆಂದು ವಿಚಾರಿಸಿದ ಟಾಂಗಾದವನು ದಂಡಿನ ಪೇಟೆ ಕ್ಯಾಂಪಿಗೆ ಆರಾಣೆ ಕೇಳಿದ, ನಾಲ್ಕಕ್ಕೆ ಒಪ್ಪಿದ. ನಮ್ಮೂರಿನ ಫಕೀರಪ್ಪನವರು ಅಲ್ಲಿಯ ಬೇಕರಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಭಟ್ಟಿ ನೋಡಿಕೊಳ್ಳುತ್ತಿದ್ದರು. ನನ್ನ ಗೋಳು ಕೇಳಿ, ಮೊದಲು ಚಹಾ ಕುಡಿಸಿದರು.

ಆಮೇಲೆ ಎರಡೂ ಪುಡಿಯನ್ನು ಚಿಟಿಕೆಯಷ್ಟು ನನ್ನ ನಾಲಿಗೆಗೆ ಹಚ್ಚಿಸಿದರು. ತಿಳಿಗಂದು ಪುಡಿಯಲ್ಲಿ ಕಹಿಯ ಹಿಂದೆಯೇ ಹುಳಿ. ಕಡುಗಂದಿನಲ್ಲಿ ಹುಳಿಯೇ ಇಲ್ಲ, ಮೆತ್ತನೆಯ ರುಚಿ. ಎರಡು ಬಟ್ಟಲಲ್ಲಿ ಬಿಸಿನೀರಿನೊಂದಿಗೆ ಕಲಸಿ ಸೋಡಾ ಉದುರಿಸಿದರು. ತಿಳಿಗಂದಿನದು ಬುಸ್ಸೆಂದು ನೊರೆಯೆದ್ದಿತು, ಕಡುಗಂದಿನದು ಸುಮ್ಮನೆ ಕೂತಿತು.

“ಈ ಕರೇದನ್ನ ಕ್ಷಾರದಾಗ ಹದಾ ಮಾಡಿರ್ತಾರ್ರಿ. ಬಣ್ಣಾ ಏರ್ತದ, ಹುಳಿ ಹೋಗ್ತದ. ಹುಳಿ ಇಲ್ಲಂದ್ರ ಸೋಡಾ ಏನ್ ಮಾಡೀತು?”

“ಹಂಗಾದ್ರ ಈ ಪುಡಿ ಕೆಟ್ಟದ್ದೇನ್ರಿ?”

“ಭಾಳ ಚಲೋ ಪುಡಿ ಅದ. ಇಲ್ಲಿ ನಾವು ಬೇಕಿಂಗ್ ಪೌಡರ್ ಹಾಕ್ತೀವಿ, ಅದರಾಗ ಹುಳೀನೂ ಇರ್ತದ. ನೀವು ಬರೇ ಸೋಡಾ ಹಾಕವ್ರು. ಮನ್ಯಾಗ ಹುಳಿ ಮಜ್ಜಿಗಿ ಇಲ್ಲೇನು?”

ನಾನು ತಲೆ ತಗ್ಗಿಸಿದೆ. ಪಕ್ಕದ ಗೌಳಿಯ ಮನೆಯಿಂದ ಹುಳಿ ಮಜ್ಜಿಗೆ ತರಿಸಿ, ಹಾಲಿನ ಬದಲು ಅದನ್ನೇ ಹಾಕಿ ಒಂದು ಸಣ್ಣ ಕೇಕು ಮಾಡಿದೆವು. ಭಟ್ಟಿಯ ಬಾಗಿಲಲ್ಲಿ ಅದು ಗುಮ್ಮಟದಂತೆ ಎದ್ದದ್ದನ್ನು ಕಂಡು ನನಗೆ ಕಣ್ಣೀರೇ ಬಂತು. ಫಕೀರಪ್ಪನವರು ಭಟ್ಟಿಯ ಹೊಗೆಯೆಂದು ತಿಳಿದು ಟವೆಲ್ಲು ಕೊಟ್ಟರು.

ಸಂಜೆಯ ಗಾಡಿ ಹಿಡಿದು ಶನಿವಾರ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಗಂಗವ್ವನಿಗೆ ಹೇಗೆ ಹೇಳಲಿ ಎಂಬುದೇ ಚಿಂತೆ.

“ಏನಂದ್ರು ಫಕೀರಪ್ಪನವರು?” ಬಾಗಿಲಲ್ಲೇ ಕೇಳಿದಳು.

“ಹುಳಿ ಮಜ್ಜಿಗಿ ಹಾಕಬೇಕಂತ. ನೀ ಹೇಳಿದ್ದೇ ಖರೆ ಆತು.”

ಅವಳು ನಗಲಿಲ್ಲ. ಒಳಗೆ ಕರೆದೊಯ್ದು, ಮೂಲೆಯಲ್ಲಿದ್ದ ಗಡಿಗೆಯ ಮುಚ್ಚಳ ತೆಗೆದಳು. ಹುಳಿ ವಾಸನೆ ಮೂಗಿಗೆ ಬಡಿಯಿತು.

“ನೀವು ಗಾಡಿ ಹತ್ತಿದ ದಿನಾನ ಮಜ್ಜಿಗಿ ಹುಳೀಗೆ ಇಟ್ಟೀನಿ. ಕೈಕಾಲು ತೊಳಕೊಂಡು ಬರ್ರಿ, ಒಲಿ ಕಾದದ.”