ಪ್ರಥಮ ಏಕಾದಶಿಯ ರೇಸು

ಡಾಕ್ಟರ್ ವೇಣುಗೋಪಾಲ ಲಂಡನ್ನಿನ ಎಜ್‌ವೇರ್‌ನಲ್ಲಿ ನೆಲೆಸಿದ ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ವರ್ಷಗಟ್ಟಲೆ ಕಂಡವರನ್ನೆಲ್ಲ ನಿದ್ದೆಗೆ ಕಳಿಸಿದ ಈ ಮನುಷ್ಯನ ನಿದ್ದೆ ಹಾರಿಹೋದದ್ದು ಮಗಳು ವಿಭಾ ಸ್ಟಾಕ್ ಕಾರ್ ರೇಸಿಗೆ ಇಳಿದ ಮೇಲೆ. ಗ್ರೀನ್‌ಫರ್ಡ್‌ನ ಗೋದಾಮುಗಳ ಹಿಂದೊಂದು ಅಂಡಾಕಾರದ ಟ್ರ್ಯಾಕ್. ಅಲ್ಲಿ ಕಾರುಗಳು ಬೇಕೆಂತಲೇ ಒಂದನ್ನೊಂದು ಗುದ್ದುತ್ತವೆ, ಗುದ್ದುವುದೇ ಆಟ. ಓದಿದ ಹುಡುಗಿ ಅದನ್ನೇ ಕಸುಬು ಮಾಡಿಕೊಂಡಳು. ಬೇಡವೆಂದು ಹೇಳಿ ಹೇಳಿ ಸೋತ ಅಪ್ಪ ಕೊನೆಗೆ ಟ್ರ್ಯಾಕಿನ ಡಾಕ್ಟರಾಗಿ ತಾವೇ ಸೇರಿಕೊಂಡರು. ಡಾಕ್ಟರಿಲ್ಲದೆ ಅಲ್ಲಿ ಒಂದು ಚಕ್ರವೂ ಉರುಳುವಂತಿಲ್ಲ. ಭಾನುವಾರ ಬಂತೆಂದರೆ ಬೇಲಿಯ ಒಳಗೆ, ಆಂಬುಲೆನ್ಸಿನ ಪಕ್ಕದ ಕುರ್ಚಿಯಲ್ಲಿ, ಕಟ್ಟಿಹಾಕಿದವರ ಹಾಗೆ ಕೂತಿರುತ್ತಿದ್ದರು.

ಆ ಜುಲೈ ಭಾನುವಾರ ಲಂಡನ್ ಕಾದ ಹಂಚಾಗಿತ್ತು. ಪ್ರಥಮ ಏಕಾದಶಿ ಬೇರೆ. ವಿಭಾ ಅಂದಿನ ಫೈನಲ್ ಗೆದ್ದರೆ ದೊಡ್ಡ ತಂಡವೊಂದು ಅವಳನ್ನು ಸೇರಿಸಿಕೊಳ್ಳುವುದಿತ್ತು. ಅವಳ ಮೈಗೆ ಗಾಯವಾಗದಿರಲೆಂದು ಅಪ್ಪ ತೊಟ್ಟು ನೀರೂ ಮುಟ್ಟದ ಉಪವಾಸದ ಹರಕೆ ಹೊತ್ತಿದ್ದರು. ಬೇರೆ ಯಾರಾದರೂ ಆ ಬಿಸಿಲಲ್ಲಿ ಹೀಗೆ ಮಾಡಿದ್ದರೆ ಇದೇ ಡಾಕ್ಟರು ಚೆನ್ನಾಗಿ ಬೈದು ಸಲೈನ್ ಏರಿಸುತ್ತಿದ್ದರು. ಮಗಳ ವಿಷಯ ಬಂದಾಗ ಡಿಗ್ರಿ ಗೋಡೆಯ ಮೇಲೇ ಉಳಿಯುತ್ತದೆ.

"ನೀರರೆ ಕುಡದೀರೋ ಇಲ್ಲೋ?" ಮಧ್ಯಾಹ್ನ ಹೆಂಡತಿ ವೈದೇಹಿ ಫೋನಿನಲ್ಲಿ ಕೇಳಿದರು. "ದೇವರು ಅಷ್ಟು ಕಠೋರ ಇಲ್ರೀ."

"ಇನ್ನೊಂದು ರೇಸ್ ಅದ. ಅದೊಂದು ಮುಗೀಲಿ."

ಫೈನಲ್ ಹತ್ತಿರವಾದಂತೆ ಅವರ ಕಣ್ಣು ಕತ್ತಲಿಡತೊಡಗಿತು. ಆಂಬುಲೆನ್ಸಿನ ಸಹಾಯಕಿ ಕ್ಯಾರನ್ ಅವರ ಒಣಗಿದ ತುಟಿ ನೋಡಿ, "ಯು ಓಕೆ, ಡಾಕ್?" ಎಂದಳು. ಅತ್ತ ದರಿ, ಇತ್ತ ಪುಲಿ. ಆಗುವುದಿಲ್ಲವೆಂದರೆ ರೇಸು ನಿಂತು ಮಗಳ ಬಾಗಿಲು ಮುಚ್ಚುತ್ತದೆ. ನೀರು ಕುಡಿದರೆ ಹರಕೆ ಮುರಿಯುತ್ತದೆ. ಆಮೇಲೆ ಅವಳಿಗೇನಾದರೂ ಆದರೆ? ಸುಮ್ಮನಿದ್ದರೆ, ತಾವೀಗ ಯಾವ ಡ್ರೈವರ್‌ನ ಉಪಯೋಗಕ್ಕೂ ಬಾರದ ಡಾಕ್ಟರು. ಇದೆಲ್ಲ ಗೊತ್ತಿದ್ದೂ ಹೆಬ್ಬೆರಳು ಎತ್ತಿ ತೋರಿಸಿದರು. ಟ್ರ್ಯಾಕಿನವರು ಹಸಿರು ಬಾವುಟ ಬೀಸಿದರು.

ಅರ್ಧ ರೇಸು ಕಳೆಯುವಾಗ ವಿಭಾ ಎಲ್ಲರಿಗಿಂತ ಮುಂದಿದ್ದಳು. ಅಷ್ಟರಲ್ಲಿ ತಿರುವಿನಲ್ಲಿ ಒಂದು ಕಾರು ಬೇಲಿಗೆ ಅಪ್ಪಳಿಸಿ ಮಗುಚಿತು. ಕೆಂಪು ಬಾವುಟ ಹಾರಿತು. ದೂಳಿನಲ್ಲಿ ಯಾರ ಕಾರೆಂದು ಗೊತ್ತಾಗದೆ ಅವರ ಜೀವ ಬಾಯಿಗೆ ಬಂತು. ದೂಳು ಸರಿದಾಗ ಕಂಡದ್ದು ಬೇರೆಯ ಕಾರು. ಸದ್ಯ, ನನ್ನ ಮಗಳಲ್ಲ ಅಂದುಕೊಂಡರು, ಅಂದುಕೊಂಡದ್ದಕ್ಕೆ ನಾಚಿದರು. ಒಳಗೆ ಸಿಕ್ಕಿಕೊಂಡವನೂ ಯಾರದೋ ಮಗ. ಓಡಲೆಂದು ಎದ್ದರು, ಹುಲ್ಲಿನ ಮೇಲೆ ಕುಸಿದು ಬಿದ್ದರು.

ಕ್ಯಾರನ್ ಒಂದು ಗಳಿಗೆ ಯಾರ ಕಡೆ ಹೋಗಬೇಕೆಂದು ತಿಳಿಯದೆ ನಿಂತು, ಕಾರಿನ ಕಡೆ ಓಡಿದಳು. ಪುಣ್ಯಕ್ಕೆ ಆ ಡ್ರೈವರ್ ತರಚು ಗಾಯದಲ್ಲೇ ಪಾರಾಗಿದ್ದ. ಆದರೆ ಡಾಕ್ಟರಿಲ್ಲದ ರೇಸು ಮತ್ತೆ ಶುರುವಾಗಲಿಲ್ಲ. ಫೈನಲ್ ರದ್ದಾಯಿತು, ದೊಡ್ಡ ತಂಡದವರು ವಿಭಾಳ ಜೊತೆ ಮಾತೂ ಆಡದೆ ಹೊರಟುಹೋದರು.

ಆಂಬುಲೆನ್ಸಿನಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ ಅಪ್ಪನ ಪಕ್ಕ ಬೆವರಲ್ಲಿ ತೊಯ್ದ ವಿಭಾ ಬಂದು ಕೂತಳು. "ವಾಟ್ ಹ್ಯಾಪನ್ಡ್, ಅಪ್ಪಾ?"

"ಇವತ್ತು ಏಕಾದಶಿ, ಪುಟ್ಟೀ. ನೀರು ಕುಡದಿಲ್ಲ. ನಿನಗ ಏನೂ ಆಗಬಾರದಂತ..."

ಅವಳು ಕೈಗವಸು ಕಳಚಿ ಪಕ್ಕಕ್ಕಿಟ್ಟಳು. "ಐ ನೆವರ್ ಆಸ್ಕ್‌ಡ್ ಯು," ಎಂದಳು. ಆಮೇಲೆ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು: "ಮುಂದಿನ ಸಲ ಬೇರೆ ಡಾಕ್ಟರ್ ಬರ್ತಾರ. ನೀವು ಬರೇ ಅಪ್ಪ ಆಗಿ ಬರ್ರಿ."

ಅವರು ಆಗಲೆಂದು ತಲೆಯಾಡಿಸಿದರು. ಡಾಕ್ಟರಾಗಿದ್ದರೆ ಎದ್ದು ಓಡುವುದಕ್ಕಾದರೂ ಒಂದು ದಾರಿಯಿತ್ತು. ಬರೇ ಅಪ್ಪನಾದವನು ನೂರಾರು ಜನರ ನಡುವೆ ಕೂತು ನೋಡಬೇಕು. ಅದು ತಮ್ಮಿಂದ ಆಗದು; ಬರುವುದಿಲ್ಲ ಎನ್ನುವುದೂ ಆಗದು.