ಎದುರಿನವ ‘ಬರೋಬರ’ ಅನ್ನುವ ತನಕ

ಅದು ಎರಡು ಸಾವಿರದ ಇಸವಿಯ ಬೇಸಿಗೆ. ಪಿಯುಸಿ ಮುಗಿಸಿದ್ದ ನಾನು ಐದು ವರ್ಷದ ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ನಮ್ಮ ಮನೆ ಖಾನಾಪುರದಲ್ಲಿ. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಳಗಾವಿಗೆ ಹೋಗುತ್ತಿದ್ದೆ. ಹಿಂದವಾಡಿಯಲ್ಲಿ ಸರ್ ಒಬ್ಬರು ತಮ್ಮ ಮನೆಯ ಮಾಳಿಗೆಯ ಮೇಲೆ ನಡೆಸುತ್ತಿದ್ದ ತರಗತಿ ಮುಗಿಸಿ, ಊಟದ ಹೊತ್ತಿಗೆ ಊರಿಗೆ ಮರಳುತ್ತಿದ್ದೆ.

ವಕೀಲಳಾಗುವ ಹುಚ್ಚು ನನಗೆ ಚಿಕ್ಕಂದಿನಿಂದಲೇ ಹತ್ತಿತ್ತು. ಯಾರು ಏನು ಹೇಳಿದರೂ ‘ಅದ್ಹೆಂಗ?’ ಎಂದು ಎದುರು ನಿಲ್ಲುವುದು ನನ್ನ ಸ್ವಭಾವ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವ್ವ ಬೈಯುತ್ತಿದ್ದಳು. ಓಣಿಯವರಂತೂ ನನ್ನ ಹೆಸರನ್ನೇ ಮರೆತು ‘ವಕೀಲಬಾಯಿ’ ಎಂದು ಕರೆಯುತ್ತಿದ್ದರು. ಅಪ್ಪ ಕನ್ನಡ ಶಾಲೆಯ ಮಾಸ್ತರ. ಅವನ ಮಾತು ಮಾತ್ರ ಖಡಾಖಂಡಿತವಾಗಿತ್ತು. “ಈ ಒಂದ ಸಲ ಬರಿ. ಆಗಲಿಲ್ಲಂದ್ರ ಸುಮ್ನ ಟಿಸಿಎಚ್ ಮಾಡಿ ನನ್ನಂಗ ಸಾಲಿ ಮಾಸ್ತರಕಿ ಹಿಡಿ.” ಮಾಸ್ತರಿಕೆ ಕೆಟ್ಟದ್ದೇನಲ್ಲ, ಅದರ ಅನ್ನ ತಿಂದೇ ಬೆಳೆದವಳು ನಾನು. ಆದರೆ ನನಗೆ ಬೇಕಾಗಿದ್ದುದು ಕರಿಕೋಟು.

ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನ, ಲೆಕ್ಕ, ತರ್ಕ ಎಲ್ಲ ನನಗೆ ಸಲೀಸಾಗಿದ್ದವು. ಕೈ ಕೊಡುತ್ತಿದ್ದುದು ಒಂದೇ ಭಾಗ: ಇಂಗ್ಲಿಷಿನ ಒಂದು ಉದ್ದನೆಯ ಬರಹ ಕೊಟ್ಟು, ಅದನ್ನು ಓದಿ ಪ್ರಶ್ನೆಗಳಿಗೆ ಉತ್ತರ ಗುರುತಿಸಲು ಹೇಳುವುದು. ತರಗತಿಯ ಮಾದರಿ ಪರೀಕ್ಷೆಗಳಲ್ಲಿ ನನಗೆ ಅದರಲ್ಲಿ ಇಪ್ಪತ್ತಕ್ಕೆ ಏಳು ಬಂದರೆ ಅದೇ ದೊಡ್ಡದು. ಆ ಭಾಗದಲ್ಲಿ ಹತ್ತಾದರೂ ಬಾರದಿದ್ದರೆ ಉಳಿದದ್ದರಲ್ಲಿ ಎಷ್ಟು ಬಂದರೂ ಸೀಟು ಸಿಗುತ್ತಿರಲಿಲ್ಲ.

ಒಮ್ಮೆ ಕಾಡಿನ ಬಗ್ಗೆ ಒಂದು ಬರಹ ಬಂತು. ಕಾಡಿನಂಚಿನ ಜನರಿಗೆ ಕಾಡುಪ್ರಾಣಿಗಳು ರೂಢಿಯಾಗಿ, ಅವುಗಳ ಭಯ ಕ್ರಮೇಣ ಹೋಗಿಬಿಡುತ್ತದೆ ಎಂದು ಲೇಖಕ ಬರೆದಿದ್ದ. ‘ಲೇಖಕನ ಪ್ರಕಾರ ಈ ಜನ ಕಾಡುಪ್ರಾಣಿಗಳನ್ನು ಹೇಗೆ ಕಾಣುತ್ತಾರೆ?’ ಎಂಬುದು ಪ್ರಶ್ನೆ. ನಾನು ‘ಭಯದಿಂದ’ ಎಂದು ಗುರುತು ಹಾಕಿದೆ. ಸರ್ ತಪ್ಪು ಎಂದರು. ನಾನು ಎದ್ದು ನಿಂತೇಬಿಟ್ಟೆ.

“ಸರ್, ನಮ್ಮೂರ ಕಡೆ ಕರಡಿ ಬರ್ತಾವ್ರಿ. ಈ ಬರದಾವನ್ನ ಒಂದ ಸಲ ಕರಡಿ ಮುಂದ ನಿಂದರಸ್ರಿ. ರೂಢಿ ಆಗೇತಿ ಅಂತ ಅಲ್ಲೇ ನಿಂದರ್ತಾನೋ ಓಡ್ತಾನೋ ನೋಡೂಣು!”

ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಅಲ್ಲಿದ್ದವರು ಬಹುತೇಕ ಬೆಳಗಾವಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳು. ಸರ್ ಕೂಡ ನಗುತ್ತಲೇ, “ಕುಂದರವಾ ತಂಗಿ. ಇದ ನಿಮ್ಮೂರ ಪಂಚಾಯ್ತಿ ಕಟ್ಟಿ ಅಲ್ಲ” ಎಂದರು. ನನಗೆ ಕಿವಿಯೆಲ್ಲ ಬಿಸಿಯಾಯಿತು.

ನನ್ನ ಇಂಗ್ಲಿಷೇ ಸರಿಯಿಲ್ಲ, ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೇ ಹೀಗಾಗುತ್ತಿದೆ ಎಂದುಕೊಂಡೆ. ಅಪ್ಪನ ಹಳೆಯ ಡಿಕ್ಷನರಿ ಹೊತ್ತುಕೊಂಡು ರೈಲಿನಲ್ಲಿ ಹೋಗುವಾಗ ಬರುವಾಗ ಶಬ್ದ ಉರುಹೊಡೆದೆ. ನನ್ನ ಬಡಬಡಿಕೆ ಕೇಳಲಾರದೆ ಎದುರಿಗೆ ಕೂತವರು ಎದ್ದು ಬೇರೆ ಜಾಗ ಹುಡುಕಿಕೊಂಡದ್ದೂ ಉಂಟು. ಶಬ್ದಗಳೇನೋ ಬಂದವು, ಅಂಕ ಮಾತ್ರ ಏಳನ್ನು ಬಿಟ್ಟು ಮಿಸುಕಲಿಲ್ಲ. ಕೊನೆಗೆ ಸರ್ ನನ್ನನ್ನು ಕರೆದು, “ಒಂದ ವರ್ಷ ಬಿಟ್ಟು ಬರದ್ರ ಛಲೋ ನೋಡು” ಎಂದರು. ಅವರಿಗೇನು ಗೊತ್ತು, ನನ್ನ ಪಾಲಿಗೆ ಮುಂದಿನ ವರ್ಷ ಎನ್ನುವುದೇ ಇರಲಿಲ್ಲ.

ಆ ದಿನ ಮುಖ ಗಂಟು ಹಾಕಿಕೊಂಡು ಮನೆಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಜಗಳ ನಡೆದಿತ್ತು. ಜಗಳ ಬಿಡಿಸುತ್ತಿದ್ದವನು ನಮ್ಮಜ್ಜ, ಅಪ್ಪನ ಅಪ್ಪ. ಭತ್ತದ ಗದ್ದೆಯ ಒಕ್ಕಲಿಗ. ನಮ್ಮ ಕಡೆ ಹೊಲದ ಬದುವಿನದೋ ನೀರಿನದೋ ತಕರಾರು ಬಂದರೆ, ಕೋರ್ಟಿಗೆ ಹೋಗುವ ಮೊದಲು ಹಿರಿಯರನ್ನು ಪಂಚರೆಂದು ಕೂರಿಸಿ ಕೇಳುವ ಪದ್ಧತಿ ಇತ್ತು. ಅಜ್ಜನದು ಅದರಲ್ಲಿ ಒಂದೇ ಒಂದು ಕರಾರು. ನಿನ್ನ ವಾದ ಹೇಳುವ ಮೊದಲು ಎದುರಿನವನ ವಾದವನ್ನು ನಿನ್ನ ಬಾಯಿಂದ ಹೇಳಬೇಕು. ಅವನು ಕೇಳಿ ‘ಬರೋಬರ’, ಅಂದರೆ ಸರಿ, ಅನ್ನಬೇಕು. ಅಲ್ಲಿಯ ತನಕ ನಿನ್ನ ಮಾತಿಗೆ ಪಾಳಿ ಇಲ್ಲ.

ಅಂದು ಕೂತಿದ್ದವರು ಅಕ್ಕಪಕ್ಕದ ಗದ್ದೆಯ ಬಸವಣ್ಣೆಪ್ಪ ಮತ್ತು ತುಕಾರಾಮ. ತುಕಾರಾಮ ಮರಾಠಿಯಲ್ಲಿ ತನ್ನ ದೂರು ಹೇಳಿ ಮುಗಿಸಿದ್ದ. ಅದನ್ನು ಬಸವಣ್ಣೆಪ್ಪ ಕನ್ನಡದಲ್ಲಿ ತಿರುಗಿ ಹೇಳಬೇಕಾಗಿತ್ತು.

“ಇವ ಏನಂತಾನಂದ್ರ, ನಾ ಬದು ಒಡದು ನೀರ ತಗೊಂಡೆನಂತ. ಸುಳ್ಳ ಹೇಳಾಕ ನಾಚಿಕಿ ಇಲ್ಲಿವಂಗ...”

“ನಾಹೀ, ನಾಹೀ!” ಎಂದ ತುಕಾರಾಮ.

“ನಾಚಿಕಿ ಸುದ್ದಿ ಅವ ಹೇಳಿಲ್ಲ, ಅದು ನಿಂದು” ಎಂದ ಅಜ್ಜ. “ಮತ್ತ ಹೇಳು.”

ಬಸವಣ್ಣೆಪ್ಪ ಮೂಗು ಸೊರಕ್ ಎನಿಸಿ, ತಲೆ ಕೆರೆದುಕೊಂಡು ಮತ್ತೆ ಹೇಳಿದ. ಈ ಸಲ ತುಕಾರಾಮ ಒಲ್ಲದ ಮನಸ್ಸಿನಿಂದ “ಬರೋಬರ” ಎಂದ. ಆಮೇಲೆ ಜಗಳ ಅರ್ಧ ಇಳಿದೇ ಹೋಯಿತು. ಚಿಕ್ಕಂದಿನಿಂದ ನಾನು ಇದನ್ನು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೆ, ಮುದುಕರು ಹೊತ್ತು ಕಳೆಯುವ ಆಟ ಎಂದುಕೊಂಡಿದ್ದೆ.

ಅವರಿಬ್ಬರೂ ಹೋದ ಮೇಲೆ ಅಜ್ಜ ನನ್ನನ್ನು ಕೇಳಿದ, “ಯಾಕ ಯವ್ವಾ, ಮಾರಿ ಸಪ್ಪಗ ಮಾಡೀದಿ?”

ನಾನು ಕರಡಿಯ ಕಥೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಲೇಖಕನ ಮೇಲೆ ಮತ್ತೆ ಸಿಟ್ಟೇರಿತು.

“ಅದಿರಲಿ. ಅವ ಏನ ಅಂದಾನ?” ಎಂದ ಅಜ್ಜ.

“ಅವಂಗೇನ ಗೊತ್ತೈತಿ ಅಜ್ಜಾ, ಪ್ಯಾಟ್ಯಾಗ ಕುಂತು...”

“ಅವಂಗೇನ ಗೊತ್ತೈತಿ ಅಂತ ನಾ ಕೇಳಲಿಲ್ಲ. ಅವ ಏನ ಅಂದಾನ? ಅವ ಇಲ್ಲೇ ಕಟ್ಟಿ ಮ್ಯಾಲ ಕುಂತಿದ್ರ, ನೀ ಹೇಳಿದ್ದಕ್ಕ ಬರೋಬರ ಅಂತಿದ್ದನೇನು?”

ನಾನು ಚೀಲ ಬಿಚ್ಚಿದೆ. ಆ ಪ್ರಶ್ನೆಪತ್ರಿಕೆ ತೆಗೆದು, ತಪ್ಪಾದ ಒಂದೊಂದನ್ನೂ ನೋಡಿದೆ. ಎಲ್ಲ ಕಡೆಯೂ ಅದೇ ಹಣೆಬರಹ. ಇಂಗ್ಲಿಷ್ ಅರ್ಥವಾಗಿತ್ತು. ಲೇಖಕನನ್ನು ಕೇಳಿದ ಪ್ರಶ್ನೆಗೆ ನಾನು ಅಡ್ಡಬಾಯಿ ಹಾಕಿ ನನ್ನ ಉತ್ತರ ಕೊಟ್ಟಿದ್ದೆ!

ಮರುದಿನದಿಂದ ಊಟವಾದ ಮೇಲೆ ಅಜ್ಜನ ಮುಂದೆ ನನ್ನ ಪಾಳಿ. ಒಂದು ಬರಹ ಓದುವುದು, ಲೇಖಕ ಹೇಳಿದ್ದನ್ನು ಕನ್ನಡದಲ್ಲಿ ಅಜ್ಜನಿಗೆ ಹೇಳುವುದು. ಅಜ್ಜನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ನಡುವೆಯೇ ಕೈಯೆತ್ತಿ, “ತಡಿ. ಇದು ಅವಂದಲ್ಲ, ನಿಂದು” ಎನ್ನುತ್ತಿದ್ದ. ನೋಡಿದರೆ ಖರೇನೇ ಆ ಮಾತು ಬರಹದಲ್ಲಿ ಇರುತ್ತಿರಲಿಲ್ಲ. ನನಗೆ ಸೋಜಿಗ.

“ನಿನಗ ಹೆಂಗ ಗೊತ್ತಾಗ್ತೈತಿ ಅಜ್ಜಾ?”

“ಅವನ ಮಾತು ಹೇಳುವಾಗ ನಿನ್ನ ದನಿ ಸೀದಾ ಇರ್ತೈತಿ. ನಿಂದು ಬಂತಂದ್ರ ಏರ್ತೈತಿ. ಅಷ್ಟ.”

ನನ್ನ ದನಿಯನ್ನು ನಾನೇ ಕೇಳಿಕೊಳ್ಳಲು ಕಲಿತೆ. ಏಳು ಇದ್ದದ್ದು ಹನ್ನೊಂದಾಯಿತು, ಆಮೇಲೆ ಹದಿನಾಲ್ಕಾಯಿತು. ಹದಿನೇಳು ಬಂದ ದಿನ ಸರ್ ಕನ್ನಡಕದ ಮೇಲಿಂದ ನೋಡಿ, “ಯಾರ ಹಂತೇಕ ಟ್ಯೂಷನ್ ಹೊಂಟಿ ಖರೇ ಹೇಳು” ಎಂದರು.

“ನಮ್ಮಜ್ಜನ ಹಂತೇಕ್ರಿ.”

“ಪ್ರೊಫೆಸರ್ ಏನವರು?”

“ಇಲ್ರಿ, ಪಂಚರು. ಪಂಚಾಯ್ತಿ ಕಟ್ಟಿ ಮ್ಯಾಲೆ ಕಲಿಸ್ತಾರ್ರಿ.”

ಈ ಸಲ ತರಗತಿ ನಕ್ಕಾಗ ನಾನೂ ಸೇರಿ ನಕ್ಕೆ.

ಪರೀಕ್ಷೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ನಡೆಯಿತು. ಕೊನೆಗೆ ಬಂದ ಇಂಗ್ಲಿಷ್ ಬರಹ ತೆರೆದು ಓದಿದೆ. ಹಳ್ಳಿಗಳಲ್ಲಿ ಹಿರಿಯರು ಕೂತು ನ್ಯಾಯ ಹೇಳುವ ಪದ್ಧತಿ ನಿಲ್ಲಬೇಕು ಎಂದು ಲೇಖಕ ವಾದಿಸಿದ್ದ. ಅವರು ಮುಖ ನೋಡಿ ಮಣೆ ಹಾಕುತ್ತಾರೆ, ಹೆಂಗಸರ ಮಾತಿಗೆ ಅಲ್ಲಿ ಜಾಗವೇ ಇಲ್ಲ ಎಂದಿದ್ದ. ನನ್ನ ಕಣ್ಮುಂದೆ ಅಜ್ಜ ಬಂದ. ಮೈಯೆಲ್ಲ ಉರಿಯಿತು. ‘ಈ ಪದ್ಧತಿಯಿಂದ ಬಡವರಿಗೆ ಬೇಗ ನ್ಯಾಯ ಸಿಗುತ್ತದೆ’ ಎಂಬ ಉತ್ತರವೂ ಅಲ್ಲಿ ನನಗಾಗಿಯೇ ಇಟ್ಟಂತೆ ಕೂತಿತ್ತು. ಪೆನ್ನು ಆಗಲೇ ಅದರ ಕಡೆ ಹೊರಟಿತ್ತು.

ಆಗ ಗೊತ್ತಾಯಿತು, ಮನಸ್ಸಿನೊಳಗೇ ನನ್ನ ದನಿ ಏರಿತ್ತು.

ಪೆನ್ನು ಕೆಳಗಿಟ್ಟೆ. ಆ ಲೇಖಕನನ್ನು ನಮ್ಮ ಕಟ್ಟೆಯ ಮೇಲೆ ತಂದು ಕೂರಿಸಿದೆ. ಅವನ ವಾದವನ್ನು ಮೊದಲಿನಿಂದ ಕೊನೆಯ ತನಕ ಸೀದಾ ದನಿಯಲ್ಲಿ ಕನ್ನಡದಲ್ಲಿ ಹೇಳಿಕೊಂಡೆ. ಅವನು ‘ಬರೋಬರ’ ಅಂದ ಮೇಲೆಯೇ ಪೆನ್ನು ಎತ್ತಿ, ಅವನ ಉತ್ತರಗಳನ್ನು ಅವನಿಗೇ ಕೊಟ್ಟೆ.

ಫಲಿತಾಂಶ ಬಂದಾಗ ನನಗೆ ಸೀಟು ಸಿಕ್ಕಿತ್ತು. ಅಷ್ಟೇ ಅಲ್ಲ, ಆ ಭಾಗದಲ್ಲಿ ನಮ್ಮ ತರಗತಿಗೇ ನಾನು ಮೊದಲು! ಸರ್ ಎಲ್ಲರೆದುರು ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಟಿಸಿಎಚ್ ಎಂದು ಜಪ ಮಾಡುತ್ತಿದ್ದ ಅಪ್ಪ ಬೆಳಗಾವಿಯಿಂದ ಕುಂದಾ ತಂದು ಓಣಿಗೆಲ್ಲ ತಾನೇ ಹಂಚಿದ. ಕುಣಿಯುವುದೊಂದು ಬಾಕಿ ಇತ್ತು, ಅದನ್ನೂ ನಾನು ಅಡುಗೆ ಮನೆಯಲ್ಲಿ ಅವ್ವನ ಕೈ ಹಿಡಿದು ಮಾಡಿ ಮುಗಿಸಿದೆ.

ಸಂಜೆ ಅಜ್ಜ ಕುಂದಾ ಚಪ್ಪರಿಸುತ್ತ, “ಪರೀಕ್ಷೆದಾಗ ಕಡೀಕ ಏನ ಬಂದಿತ್ತು ಹೇಳು” ಎಂದ. ನಾನು ಮಾತು ಬೇರೆಡೆ ತಿರುಗಿಸಿದೆ. ಬಿಡಲಿಲ್ಲ ಅವನು. ಅಂಜುತ್ತಲೇ ಎಲ್ಲ ಹೇಳಿದೆ. ಮುಖ ನೋಡಿ ಮಣೆ ಹಾಕುವುದು, ಹೆಂಗಸರ ಮಾತು ಕೇಳದಿರುವುದು, ಒಂದನ್ನೂ ಬಿಡಲಿಲ್ಲ. ಅಜ್ಜ ಕೈಯಲ್ಲಿದ್ದ ಕುಂದಾ ಕೆಳಗಿಟ್ಟ.

“ಹೆಣಮಕ್ಕಳ ಸುದ್ದಿ ಅವ ಖರೇನ ಹೇಳ್ಯಾನ. ಈ ಕಟ್ಟಿ ಮ್ಯಾಲ ನಾವು ಒಬ್ಬಾಕಿನ್ನೂ ಕುಂದರಸಲಿಲ್ಲ” ಎಂದ. ಆಮೇಲೆ ತುಸು ಸರಿದು, ಪಂಚರು ಕೂರುವ ಆ ಜಾಗವನ್ನು ಹೆಗಲ ಮೇಲಿನ ವಸ್ತ್ರದಿಂದ ಜಾಡಿಸಿದ. “ಬಾ ಯವ್ವಾ, ಇಲ್ಲಿ ಕುಂದರು. ಅವನ ಮಾತು ಆತು. ಈಗ ನಿನ್ನ ಮಾತು ಹೇಳು.”

ನಾನು ಕೂತೆ. ಅಂದು ದೀಪ ಹಚ್ಚುವ ತನಕ ದನಿ ಏರಿಸಿಯೇ ಮಾತಾಡಿದೆ, ಅಜ್ಜ ಒಮ್ಮೆಯೂ ಕೈಯೆತ್ತಲಿಲ್ಲ.

ಈಗ ಬೆಳಗಾವಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಎದುರು ಪಕ್ಷದವರ ವಾದವನ್ನು ಮೊದಲು ಅವರೇ ಒಪ್ಪುವಂತೆ ಹೇಳಿ, ಆಮೇಲೆ ನನ್ನದಕ್ಕೆ ಕೈ ಹಾಕುತ್ತೇನೆ. ಅಜ್ಜ ಇಂದು ಇಲ್ಲ. ಗೆದ್ದ ದಿನ ಮನೆಗೆ ಬಂದರೆ ಆ ಕಟ್ಟೆಯೇ ನೆನಪಾಗುತ್ತದೆ. ಕಾಲೇಜಿನಲ್ಲಿ ಸೀಟು ಸಿಕ್ಕಿದ್ದಕ್ಕಿಂತ, ಅಂದು ಅಜ್ಜ ಪಕ್ಕಕ್ಕೆ ಸರಿದು ಕೊಟ್ಟ ಆ ಜಾಗದ ಹೆಮ್ಮೆ ನನಗೆ ಇವತ್ತಿಗೂ ದೊಡ್ಡದು.