ಐವತ್ತು ಕಪ್ಪೆ, ಇನ್ನೂ ಹನ್ನೊಂದು

ಮೊನ್ನೆ ತೀರಿಕೊಂಡ ಜಾಡಿಯಣ್ಣನಿಗೆ ಆ ಹೆಸರಿಟ್ಟವನು ಅವನ ಹೆಂಡತಿಯ ತಮ್ಮನೇ, ಅದೂ ಹಂಗಿಸಲಿಕ್ಕೆ. ಆ ತಮ್ಮನು ಪ್ರಾಣಿಗಳ ಮ್ಯೂಸಿಯಮ್ಮಿಗೆ ನಿರ್ದೇಶಕ; ಭಾವ ಅದರ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ, ಸತ್ತ ಪ್ರಾಣಿಗಳನ್ನು ಕೆಡದಂತೆ ಇಟ್ಟ ಸ್ಪಿರಿಟ್ ಜಾಡಿಗಳನ್ನು ನೋಡಿಕೊಂಡವನು.

ಜಗಳ ಹಸಿರು ಮರಗಪ್ಪೆಗಳದ್ದು. ಅವೆಲ್ಲ ಒಂದೇ ಜಾತಿ ಎಂದು ನಿರ್ದೇಶಕ ಪುಸ್ತಕ ಬರೆದಿದ್ದ. ಜಾಡಿಯಣ್ಣ ಎರಡು ಎನ್ನುತ್ತಿದ್ದ. ಮುದುಡಿ ಕೂತಾಗ ಎರಡೂ ಒಂದೇ ಎಲೆಯ ತುಂಡುಗಳಂತೆ. ಕಾಲು ಚಾಚಿದರೆ ಒಂದರ ಒಳತೊಡೆ ಕಿತ್ತಳೆ, ಇನ್ನೊಂದರದು ಹಳದಿ. ಸ್ಪಿರಿಟ್ಟಿಗೆ ಬಿದ್ದ ಮೇಲೆ ಬಣ್ಣ ಬಿಟ್ಟು ಎರಡೂ ಬೂದು. ಅದಕ್ಕೇ ಅವನು ಜೀವವಿದ್ದಾಗಲೇ ನೋಡಿಟ್ಟುಕೊಂಡು, ಕಿತ್ತಳೆಯದಕ್ಕೆ ಕೆಂಪು ನೂಲು, ಹಳದಿಯದಕ್ಕೆ ಬಿಳಿ ನೂಲು ಕಟ್ಟುತ್ತಿದ್ದ.

"ಏನ್ ಭಾವ, ಈ ವಯಸ್ಸಲ್ಲಿ ತೊಡೆ ನೋಡ್ಕೊಂಡು ಕೂತಿದ್ದೀರಾ?"

"ನೀನು ಬರೀ ಬೆನ್ನು ನೋಡಿ ಪುಸ್ತಕ ಬರೆದ್ಯಲ್ಲ, ಇನ್ನೇನು ಮಾಡ್ಲಿ?"

ಜಾಡಿಯಣ್ಣ ಆಸ್ಪತ್ರೆ ಸೇರಿದ ವಾರ ನಿರ್ದೇಶಕ ಅರವತ್ತೊಂದು ಕಪ್ಪೆಗಳ ನೂಲನ್ನೂ ಕತ್ತರಿಸಿ ಹಾಕಿಸಿದ. ಎಲ್ಲವನ್ನೂ ಒಂದೇ ಜಾಡಿಗೆ ಸುರಿಸಿದ. ಭಾವ ಗುಣವಾಗಿ ಕೆಲಸಕ್ಕೆ ಮರಳಿದ ದಿನ ಆ ಜಾಡಿಯನ್ನು ಅವನ ಮುಂದಿಟ್ಟ.

"ಇದು ಮ್ಯೂಸಿಯಂ ಭಾವ, ಟೈಲರ್ ಅಂಗಡಿಯಲ್ಲ. ಈಗ ಬೇರೆ ಮಾಡಿ ತೋರಿಸಿ. ದಾಖಲೆಯಲ್ಲಿ ಎರಡು ಹೆಸರು ನಾನೇ ಬರೀತೀನಿ."

ನಾಲ್ಕು ದಿನ ಜಾಡಿಯಣ್ಣ ಒಂದೊಂದರ ಬೆರಳನ್ನೂ ಬಿಡಿಸಿ, ಲೆನ್ಸ್ ಹಿಡಿದು ಕೂತ. ಕಿತ್ತಳೆಯದಕ್ಕೆ ಮುಂಗಾಲಿನ ಬೆರಳುಗಳ ನಡುವಿನ ಪೊರೆ ತುದಿಯವರೆಗೆ ಇರುತ್ತದೆ, ಹಳದಿಯದಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಐವತ್ತು ಬೇರೆಯಾದವು. ಹನ್ನೊಂದರ ಪೊರೆ ಹರಿದುಹೋಗಿತ್ತು. ಊಹೆಯ ಮೇಲೆ ಹಂಚಿಬಿಟ್ಟಿದ್ದರೆ ಕೇಳುವವರಿರಲಿಲ್ಲ. ಸುಳ್ಳು ಹೇಳಲು ಬಾರದವನೇನಲ್ಲ ಅವನು. ರಜೆ ಚೀಟಿಯಲ್ಲಿ ಧಾರಾಳವಾಗಿ ಹೇಳುತ್ತಿದ್ದ. ಕಪ್ಪೆಗಳ ವಿಷಯದಲ್ಲಿ ಮಾತ್ರ ಕೈ ಬರುತ್ತಿರಲಿಲ್ಲ. ಆ ಹನ್ನೊಂದರ ಚೀಟಿಯಲ್ಲಿ "ಗೊತ್ತಿಲ್ಲ" ಎಂದು ಬರೆದ.

ನಿರ್ದೇಶಕ ಆ ಚೀಟಿಯೊಂದನ್ನೇ ಎತ್ತಿಕೊಂಡ. "ನಿಮ್ಮ ಕೈಯಾರೆ ಬರ್ಕೊಟ್ರಲ್ಲ. ಮುಗೀತು."

ದಾಖಲೆಯಲ್ಲಿ ಒಂದೇ ಹೆಸರು ಬಿತ್ತು. ಜಾಡಿಯಣ್ಣನನ್ನು ಟಿಕೆಟ್ ಕಿಟಕಿಗೆ ಹಾಕಿದರು. ಅಲ್ಲಿ ಏಳು ತಿಂಗಳು ಟಿಕೆಟ್ ಹರಿದುಕೊಟ್ಟ. ನಿರ್ದೇಶಕ ಎದುರು ಹಾದರೂ ತಲೆಯೆತ್ತಲಿಲ್ಲ. ಮೊನ್ನೆ ಬೆಳಿಗ್ಗೆ ಆ ಕುರ್ಚಿಯಲ್ಲೇ ಹೋದ.

ಮಾರನೆಯ ದಿನ ನಿರ್ದೇಶಕ ಅಕ್ಕನ ಮನೆಗೆ ಬಂದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಎರಡು ಹೆಸರು ಬರೆದು ಬಂದ್ಯಾ?"

"ಈಗ ಯಾಕಕ್ಕ ಅದೆಲ್ಲ? ಹನ್ನೊಂದು ಭಾವನಿಗೇ ಗೊತ್ತಾಗ್ಲಿಲ್ಲ."

"ಐವತ್ತು ಗೊತ್ತಾಗಿತ್ತಲ್ಲೋ. ನಿನಗೆಷ್ಟು ಗೊತ್ತಾಯ್ತು?"

ಅವನು ಆಗಲೇ ಚಪ್ಪಲಿ ಬಿಟ್ಟಿದ್ದ. ಮತ್ತೆ ಮೆಟ್ಟಿಕೊಳ್ಳುವ ಮೊದಲೇ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು.